ಬಿಸ್ಮಿಲ್ಲಾ ಬಿ ಲಾರಿಯ ಎಣ್ಣೆ ಬದಲಿಸಿದ್ದು

ಯಲ್ಲಾಪುರದ ಬಿಸ್ಮಿಲ್ಲಾ ಬಿ ಹುಟ್ಟಿ ಬೆಳೆದದ್ದು ಶಿರಸಿಯಲ್ಲಿ. ತಂದೆ ಗಾಡಿಕಾರ. ಅಡಿಕೆ, ಮೆಣಸು ಹೇರಿಕೊಂಡ ಎತ್ತಿನ ಗಾಡಿಗಳು ಸಾಲಾಗಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ, ಉಪ್ಪು, ಒಣಮೀನು ತುಂಬಿಕೊಂಡು ಬರುತ್ತಿದ್ದ ಕಾಲ ಅದು. ಗಾಡಿ ಹಿತ್ತಿಲಿಗೆ ಬಂದೊಡನೆ ಅಚ್ಚಿಗೆ ಕೀಲೆಣ್ಣೆ ಹಾಕುವುದು ಬಿಸ್ಮಿಲ್ಲಾಳ ಕೆಲಸ. ಯಾವ ಗಾಲಿ ಒಣಗಿದೆ, ಯಾವ ಅಚ್ಚು ಸವೆದಿದೆ ಎಂಬುದು ಗಾಡಿ ಓಣಿಯ ತಿರುವಿನಲ್ಲಿ ಇರುವಾಗಲೇ ಅವಳ ಕಿವಿಗೆ ಗೊತ್ತಾಗುತ್ತಿತ್ತು. ಮದುವೆಯಾಗಿ ಯಲ್ಲಾಪುರಕ್ಕೆ ಬಂದಮೇಲೆ ಆ ಕೆಲಸ ತಪ್ಪಿತು. ಗಂಡನ ಮನೆಯಲ್ಲಿ ಪರದೆ ಬಿಗಿ. ಹೊರಗಿನ ಗಂಡಸರೊಡನೆ ಮಾತು ಏನಿದ್ದರೂ ಬಾಗಿಲ ಪರದೆಯ ಹಿಂದೆ ನಿಂತೇ.

ಗಂಡ ಶಫಿ ಮೊದಲು ಮರದ ನಾಟಾ ಗುತ್ತಿಗೆದಾರರೊಬ್ಬರ ಲಾರಿಯಲ್ಲಿ ಕ್ಲೀನರ್ ಆಗಿದ್ದ, ಆಮೇಲೆ ಡ್ರೈವರ್ ಆದ. ಕೈಯಲ್ಲಿ ನಾಲ್ಕು ಕಾಸು ಕೂಡಿದಮೇಲೆ ಹುಬ್ಬಳ್ಳಿಗೆ ಹೋಗಿ ಯಾರೋ ಓಡಿಸಿ ಬಿಟ್ಟಿದ್ದ ಹಳೆಯ ಲಾರಿಯೊಂದನ್ನು ಕೊಂಡು ತಂದ. ಮೂತಿಗೆ ಹಸಿರು ಬಣ್ಣ ಹೊಡೆಸಿದ. ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಅಕ್ಕಿ ಒಯ್ಯುವುದು, ಅಲ್ಲಿಂದ ಹಂಚು, ಉಪ್ಪು ಹೊತ್ತು ತರುವುದು ಅವನ ದಂಧೆಯಾಯಿತು. ಸಂಜೆ ಲಾರಿ ಮನೆ ಮುಂದೆ ನಿಂತರೆ ಮಗಳು ಸುಗ್ರಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಪೇಟೆಯ ಒಂದು ಸುತ್ತು ಹಾಕಿ ಬರುತ್ತಿದ್ದ. ೧೯೩೬ರ ಮಳೆಗಾಲ ಕಳೆಯುವ ಹೊತ್ತಿಗೆ ಅವನಿಗೆ ಚಳಿಜ್ವರ ಬಂತು. ಯಲ್ಲಾಪುರದಲ್ಲಿ ಚಳಿಜ್ವರ ಬಾರದ ಮನೆಯಿರಲಿಲ್ಲ. ಬಂದದ್ದು ಹೋಗುತ್ತದೆ ಎಂದುಕೊಂಡರು. ಶಫಿಯದು ಹೋಗಲಿಲ್ಲ. ಶಫಿಯೇ ಹೋದ.

ಉಳಿದದ್ದು ಲಾರಿ. ಅದರ ಕಾಗದಪತ್ರಕ್ಕಾಗಿ ಕಾರವಾರಕ್ಕೆ ಹೋಗಬೇಕಾಗಿತ್ತು. ಬಿಸ್ಮಿಲ್ಲಾ ಬಿ ಹೋಗುವಂತಿರಲಿಲ್ಲ. ಮೈದುನ ದಾದಾಸಾಬ ಹೋಗಿ ತನ್ನ ಹೆಸರಿಗೆ ಬರೆಸಿಕೊಂಡು ಬಂದ. ಅದರಲ್ಲಿ ಅವಳಿಗೆ ಆಗ ತಪ್ಪೇನೂ ಕಾಣಲಿಲ್ಲ. ದಾದಾಸಾಬನಿಗೆ ಪೇಟೆಯಲ್ಲಿ ಬೀಡಿ ಅಂಗಡಿ. ಅಣ್ಣ ಸತ್ತಮೇಲೆ ಅತ್ತಿಗೆಯ ಮನೆಗೆ ಎಣ್ಣೆ, ಬೇಳೆ ಕಡಿಮೆಯಾಗದಂತೆ ನೋಡಿಕೊಂಡವನು ಅವನೇ. ಲಾರಿ ಓಡಿಸಲು ಕಲಘಟಗಿ ಕಡೆಯ ಸಂಗಯ್ಯ ಎಂಬವನನ್ನು ಗೊತ್ತುಮಾಡಿದರು. ನಡುವಯಸ್ಸಿನ, ಮಾತಿಗಿಂತ ಕೆಲಸ ಹೆಚ್ಚಿನ ಮನುಷ್ಯ.

ಮರುವರ್ಷ ಬೇಸಿಗೆಗೆ ಮುಂಚೆ ಒಂದು ಮಧ್ಯಾಹ್ನ ಸಂಗಯ್ಯ ಬಾಗಿಲಿಗೆ ಬಂದು ನಿಂತ.

“ಅಕ್ಕಾರ, ಗಾಡಿ ಹಿಂದಿನ ಅಚ್ಚು ಗುಂಯ್ ಅನ್ನಾಕ ಹತ್ತೈತ್ರಿ. ಗೇರ್ ಡಬ್ಬಿ ಎಣ್ಣಿ, ಹಿಂದಿನ ಅಚ್ಚಿನ ಎಣ್ಣಿ, ಎರಡೂ ಬದಲಿ ಮಾಡಸ್ಬೇಕ್ರಿ. ಯಜಮಾನ್ರು ಹ್ವಾದಮ್ಯಾಲೆ ಅದನ್ನ ಯಾರೂ ಮುಟ್ಟಿಲ್ಲ.”

“ಎಲ್ಲಿ ಮಾಡಿಸ್ತಾರೆ ಅದನ್ನ?” ಪರದೆಯ ಹಿಂದಿನಿಂದ ಅವಳು ಕೇಳಿದಳು.

“ಹುಬ್ಬಳ್ಳ್ಯಾಗ ದೊಡ್ಡ ಕಾರ್ಖಾನಿ ಐತ್ರಿ. ಗಾಡೀನ ಎತ್ತಿ ನಿಲ್ಲಸ್ತಾರ. ಅಸಲಿ ಎಣ್ಣಿ ಅಲ್ಲೇ ಸಿಗೂದು. ನನ್ನ ಕೇಳಿದ್ರ ಅಲ್ಲಿಗೇ ಒಯ್ಯೂಣ್ರಿ.”

ದಾದಾಸಾಬ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ ಇದನ್ನು ಕೇಳಿ ನಕ್ಕ. “ಭಾಬಿ, ಇಷ್ಟಕ್ಕೆ ಹುಬ್ಬಳ್ಳಿ ಯಾಕೆ? ಅಲ್ಲಿ ಬಿಟ್ರೆ ಹದಿನೈದು ದಿನ ಗಾಡಿ ಕಾಣೂಕೆ ಸಿಕ್ಕೂದಿಲ್ಲ. ಗಾಣದಿಂದ ಒಂದು ಡಬ್ಬಿ ಹರಳೆಣ್ಣೆ ತಂದು ನಮ್ಮ ಹಿತ್ತಿಲಲ್ಲೇ ಸುರಿದ್ರಾಯ್ತು. ನಿಮ್ಮ ಅಬ್ಬಾನ ಗಾಡಿ ಏನು ಹುಬ್ಬಳ್ಳಿ ಎಣ್ಣೆ ಮೇಲೆ ಕುಮಟೆಗೆ ಹೋಗ್ತಿತ್ತಾ?”

“ಅದು ಎತ್ತಿನ ಗಾಡಿ, ದಾದಾ.”

“ಗಾಲಿ ಗಾಲಿಯೇ ಅಲ್ವಾ?”

ಬಿಸ್ಮಿಲ್ಲಾ ಬಿ ಎರಡನ್ನೂ ತೂಗಿ ನೋಡಿದಳು. ಹುಬ್ಬಳ್ಳಿಯವರು ಏನು ಹೇಳಿದರೂ ಅದು ಸಂಗಯ್ಯನ ಬಾಯಿಂದಲೇ ತನಗೆ ಬರಬೇಕು. ಹಿತ್ತಿಲಲ್ಲಿ ಹರಳೆಣ್ಣೆ ಸುರಿದರೆ ಸರಿಹೋಯಿತೋ ಇಲ್ಲವೋ ಎಂಬುದನ್ನು ದಾದಾಸಾಬನೇ ಹೇಳಬೇಕು. ತಾನು ನಿಂತು ನೋಡಬಹುದಾದ ಜಾಗ ಯಾವುದಾದರೂ ಉಂಟೇ ಎಂದು ಯೋಚಿಸಿದಾಗ ಶಿರಸಿಯ ಕಮಲಾಕರನ ನೆನಪಾಯಿತು. ಮುಂಬಯಿಯಲ್ಲಿ ಮೋಟಾರು ಕೆಲಸ ಕಲಿತು ಬಂದು ಶಿರಸಿಯಲ್ಲೇ ಯಲ್ಲಾಪುರ ರಸ್ತೆಯ ನಾಕೆಯ ಹತ್ತಿರ ತಗಡಿನ ಚಪ್ಪರ ಹಾಕಿಕೊಂಡಿದ್ದ ಅವನು ಶಫಿಗೆ ಸ್ನೇಹಿತ. ಅವನ ಚಪ್ಪರದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವಳ ಅಕ್ಕ ಶಮ್ಸುನ್ನಿಸಾಳ ಮನೆ. ಅಕ್ಕನ ಮನೆಗೆ ಹೋಗುವ ಹೆಣ್ಣನ್ನು ಯಾರೂ ಏಕೆ ಎಂದು ಕೇಳುವುದಿಲ್ಲ.

“ಶಿರಸಿಗೆ ಒಯ್ಯಿರಿ,” ಎಂದು ಸಂಗಯ್ಯನಿಗೆ ಹೇಳಿದಳು. “ಅಕ್ಕನ್ನ ನೋಡಬೇಕು, ನಾನೂ ಬರ್ತೇನೆ.”

ಬುರ್ಖಾ ತೊಟ್ಟು, ಸುಗ್ರಾಳನ್ನು ನಡುವೆ ಕೂರಿಸಿಕೊಂಡು ಹೊರಟಳು. ಗಂಡ ಬದುಕಿದ್ದಾಗ ಅವಳು ಆ ಸೀಟಿನಲ್ಲಿ ಒಮ್ಮೆಯೂ ಕೂತವಳಲ್ಲ. ಮಂಚಿಕೇರಿ ದಾಟುವವರೆಗೆ ದಾರಿಯನ್ನು ನೋಡಲಿಲ್ಲ, ಲಾರಿಯ ಹಿಂಭಾಗವನ್ನೇ ಕೇಳುತ್ತ ಕೂತಳು. ಏರಿನಲ್ಲಿ ಅಷ್ಟೇನೂ ಇರಲಿಲ್ಲ. ಇಳಿಜಾರಿನಲ್ಲಿ ಸಂಗಯ್ಯ ವೇಗ ಕಡಿಮೆ ಮಾಡಿದಾಗ ಕಾಲ ಕೆಳಗಿನಿಂದ ಯಾರೋ ಬಾಯಿ ಮುಚ್ಚಿಕೊಂಡು ಅತ್ತಂತೆ ಕೇಳಿಸಿತು. ಆ ಬಾಯಿ ಮುಚ್ಚಿದ್ದು ಅವಳಿಗೆ ಸರಿಕಾಣಲಿಲ್ಲ. ಸವೆದ ಅಚ್ಚು ಅಳಬೇಕು, ಇಲ್ಲ ಸುಮ್ಮನಿರಬೇಕು. ಇದು ಎರಡೂ ಅಲ್ಲ.

ಕಮಲಾಕರ ಲಾರಿ ಬಂದು ನಿಂತಕೂಡಲೇ ಅದರ ಅಡಿಗೆ ನುಗ್ಗಿದ. “ಬಿಸಿ ಇದ್ದಾಗಲೇ ಇಳಿಸ್ಬೇಕು ವೈನಿ, ತಣ್ಣಗಾದ್ರೆ ಬರೂದಿಲ್ಲ,” ಎಂದ. ಸ್ನೇಹಿತನ ಹೆಂಡತಿಯನ್ನು ಅವನು ಮೊದಲಿಂದಲೂ ವೈನಿ ಎಂದೇ ಕರೆಯುತ್ತಿದ್ದದ್ದು. ಹಿಂದಿನ ಅಚ್ಚಿನ ನಡುವೆ ಇರುವ ಗುಂಡನೆಯ ಡಬ್ಬಿಯ ಬೂಚು ತಿರುಗಿಸಿ ಕೆಳಗೆ ಬೋಗುಣಿ ಇಟ್ಟ. ಎಣ್ಣೆ ಧಾರೆಯಾಗಿ ಬೀಳಬೇಕಾಗಿತ್ತು. ಹಳೆಯ ಕಾಕಂಬಿಯ ಹಾಗೆ ಮುದ್ದೆಮುದ್ದೆಯಾಗಿ ಇಳಿಯಿತು. ಕಮಲಾಕರ ಬೆರಳಲ್ಲಿ ಉಜ್ಜಿ ನೋಡಿದ, ಮೂಸಿದ. ಒಂದು ಮುದ್ದೆಯನ್ನು ಗೆರಟೆಯಲ್ಲಿ ಹಾಕಿ ಸೀಮೆಎಣ್ಣೆ ಹೊಯ್ದು ತೊಳೆದ. ಅವನ ಮುಖ ಸಪ್ಪಗಾಯಿತು.

“ಎಂತ ಆಯ್ತು?” ಬಿಸ್ಮಿಲ್ಲಾ ಬಿ ಚಪ್ಪರದ ಕಂಬದ ಪಕ್ಕದಿಂದ ಕೇಳಿದಳು.

ಅವನು ಗೆರಟೆಯನ್ನು ತಂದು ಅವಳ ಮುಂದೆ ಹಿಡಿದ. ಎಣ್ಣೆ ತೊಳೆದುಹೋಗಿ ನಾರುನಾರಾದ ಮರದ ಹೊಟ್ಟು ಉಳಿದಿತ್ತು. ತಳದಲ್ಲಿ ಉಕ್ಕಿನ ಚೂರುಗಳು ಮಿನುಗುತ್ತಿದ್ದವು.

“ಗರಗಸದ ಹೊಟ್ಟು ವೈನಿ. ಹಲ್ಲು ಸವೆದ ಗಾಡಿಯ ಸದ್ದು ಅಡಗಿಸೂಕೆ ಹೀಗೆ ಎಣ್ಣೆಯಲ್ಲಿ ಕಲಸಿ ತುಂಬ್ತಾರೆ. ಮಾರುವವರು ಮಾಡೂ ಕೆಲಸ ಇದು.”

“ಹುಬ್ಬಳ್ಳಿಯಲ್ಲಿ ಮಾರಿದವರು ಮಾಡಿದ್ದಾ?”

“ಅಷ್ಟು ಹಳೇದಲ್ಲ. ಹಾಕಿ ವರ್ಷ ಆಗಿರಬಹುದು ಅಷ್ಟೆ. ಒಳ್ಳೇ ಜರಡಿ ಹಿಡಿದು ಹಾಕಿದ ಹೊಟ್ಟು.”

ಜರಡಿ ಎಂದದ್ದೇ ಬಿಸ್ಮಿಲ್ಲಾ ಬಿಗೆ ನೆನಪಾಯಿತು. ಹಿಂದಿನ ವರ್ಷ ಮಳೆಗೆ ಮುಂಚೆ ಶಫಿ ಅಡಿಗೆಮನೆಗೆ ಬಂದು ಹಿಟ್ಟಿನ ಜರಡಿ ಕೇಳಿದ್ದ. ಏನಕ್ಕೆ ಎಂದರೆ ಸೊಳ್ಳೆಗೆ ಹೊಗೆ ಹಾಕುವುದಕ್ಕೆ ಎಂದಿದ್ದ. ಹಿತ್ತಿಲಲ್ಲಿ ಚೀಲ ಬಿಚ್ಚಿಕೊಂಡು ಅವನು ಹೊಟ್ಟು ಸುರಿಯುತ್ತಿದ್ದ. ಇವಳೇ ಎದುರು ಕೂತು, ಅವನ ತಮಾಷೆಗೆ ನಗುತ್ತ, ಜರಡಿ ಹಿಡಿದಿದ್ದಳು. ಮಾರುವುದಕ್ಕಲ್ಲ, ಲಾರಿ ಕೂಗಿದರೆ ಸಾವುಕಾರರು ಮಾಲು ಕೊಡುವುದಿಲ್ಲ ಎಂದು ಅವನು ಹಾಗೆ ಮಾಡಿದ್ದ. ಅದೇ ಲಾರಿಯನ್ನು ಓಡಿಸಿಕೊಂಡು ತಾನೇ ಘಟ್ಟ ಇಳಿಯುತ್ತಿದ್ದ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಸತ್ತ ಗಂಡನ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

“ಈಗ ಎಂತ ಮಾಡೂದು?”

ಕಮಲಾಕರ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದ. ಒಳಗಿನ ಹಲ್ಲುಚಕ್ರಗಳ ಜೋಡಿ ಬದಲಾಗಬೇಕು. ಅದು ಇಲ್ಲಿ ಇಲ್ಲ, ಮುಂಬಯಿಯಿಂದ ತರಿಸಬೇಕು. ಇಷ್ಟು ಹಳೆಯ ಗಾಡಿಯದು ಸಿಕ್ಕಿದರೆ ಪುಣ್ಯ. ಅಲ್ಲಿಯವರೆಗೆ ಒಳ್ಳೆಯ ಎಣ್ಣೆ ಹಾಕಿದರೆ ಕೂಗುತ್ತದೆ, ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಹೊಟ್ಟು ತುಂಬಿದರೆ ಸುಮ್ಮನಿರುತ್ತದೆ. ಆದರೆ ಹೊಟ್ಟಿದ್ದಲ್ಲಿ ಎಣ್ಣೆ ಹಲ್ಲಿಗೆ ತಾಗುವುದಿಲ್ಲ.

“ಹಲ್ಲು ಮುರಿದ್ರೆ?”

“ಘಟ್ಟದಲ್ಲಿ ಮುರಿದ್ರೆ ಎಂಜಿನ್ ಗಾಡೀನ ಹಿಡಿಯೂದಿಲ್ಲ ವೈನಿ. ಬರೀ ಬ್ರೇಕ್ ಮೇಲೆ ಬರಬೇಕು.”

ಸಂಗಯ್ಯ ಅಲ್ಲೇ ನಿಂತು ಕೇಳುತ್ತಿದ್ದ. ಇಷ್ಟು ತಿಂಗಳು ಅದೇ ಲಾರಿಯಲ್ಲಿ ಅರಬೈಲ್ ಇಳಿದು ಹತ್ತಿದವನು ಅವನು. ಅವಳು ಅವನ ಕಡೆ ತಿರುಗಿದಳು. ಏನು ಮಾಡಲಿ ಎಂದು ಕೇಳಲಿಲ್ಲ, ಆದರೂ ಅವನು ಉತ್ತರ ಹೇಳಿದ. “ನನಗೂ ಮನ್ಯಾಗ ಮಕ್ಕಳದಾವ್ರಿ, ಅಕ್ಕಾರ.”

“ಒಳ್ಳೇ ಎಣ್ಣೆ ಹಾಕಿ ಕಮಲಾಕರಣ್ಣ,” ಎಂದಳು. “ಕೂಗಿದ್ರೆ ಕೂಗಲಿ.”

ಲಾರಿ ಕೂಗಿತು. ಮರುದಿನ ಯಲ್ಲಾಪುರದ ಪೇಟೆ ಹೊಕ್ಕಾಗ ಅಂಗಡಿಯವರು ಎದ್ದು ಹೊರಗೆ ಬಂದು ನೋಡಿದರು. ದಾದಾಸಾಬ ಬೀಡಿ ಕಟ್ಟುವುದನ್ನು ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟುಕೊಂಡ. “ಚೆನ್ನಾಗಿದ್ದ ಗಾಡೀನ ಶಿರಸಿಗೆ ಒಯ್ದು ಕೆಡಿಸಿಕೊಂಡು ಬಂದ್ರಿ ಭಾಬಿ,” ಎಂದ. ಅವಳು ಹೊಟ್ಟಿನ ವಿಷಯ ಹೇಳಿದಳು. ಶಫಿ ಮಾಡಿದ್ದೆಂದು ಮಾತ್ರ ಹೇಳಲಾರದೆ ಹೋದಳು. ಹೇಳದೆ ಉಳಿದ ಮಾತಿನಿಂದ ಹೇಳಿದ ಮಾತೂ ಸುಳ್ಳಿನ ಹಾಗೆ ಕೇಳಿಸಿತು. ಪೇಟೆಯಲ್ಲಿ ಎಲ್ಲರೂ ನಂಬಿದ್ದು ಒಂದೇ. ಹೆಂಗಸು ಹೋಗಿ ಎಣ್ಣೆ ಹಾಕಿಸಿದಳು, ಗಾಡಿ ಹಾಳಾಯಿತು.

ಮಾಲು ಬರುವುದು ಕಡಿಮೆಯಾಗುತ್ತ ನಿಂತೇಹೋಯಿತು. ಘಟ್ಟವಿಲ್ಲದ ದಾರಿಯಲ್ಲಿ ಮಂಚಿಕೇರಿಯವರೆಗೆ ಸೌದೆ ಸಾಗಿಸಿ ಸಂಗಯ್ಯ ಕೆಲವು ವಾರ ಕಳೆದ, ಆಮೇಲೆ ಸಂಬಳ ಹುಟ್ಟದೆ ಬಿಟ್ಟುಹೋದ. ಮುಂಬಯಿಯಿಂದ ಕಮಲಾಕರನಿಗೆ ಉತ್ತರ ಬಂತು: ಆ ಮಾದರಿಯ ಚಕ್ರಗಳು ಈಗ ಬರುವುದಿಲ್ಲ, ಒಡೆದು ಹಾಕಿದ ಗಾಡಿ ಎಲ್ಲಾದರೂ ಇದ್ದರೆ ಅದರಿಂದ ತೆಗೆಯಬೇಕು. ಅಂಥ ಗಾಡಿ ಎಲ್ಲಿದೆಯೆಂದು ಅವನು ಬರುವ ಹೋಗುವ ಡ್ರೈವರರನ್ನೆಲ್ಲ ಕೇಳುತ್ತಿದ್ದ. ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ. ಕಾಯುವ ಮನೆಯಲ್ಲಿ ಒಲೆ ಒಂದೇ ಹೊತ್ತು ಉರಿಯತೊಡಗಿತು.

ಒಂದು ಬೆಳಿಗ್ಗೆ ದಾದಾಸಾಬ ಬೇರೆ ಡ್ರೈವರನೊಬ್ಬನನ್ನು ಕರೆದುಕೊಂಡು ಬಂದು ಲಾರಿ ಹೊರಡಿಸಿದ.

“ಎಲ್ಲಿಗೆ ದಾದಾ?”

“ಹುಬ್ಬಳ್ಳಿಗೆ. ದೊಡ್ಡವರ ಹತ್ತಿರವೇ ತೋರಿಸ್ತೇನೆ. ನೀವು ಚಿಂತೆ ಬಿಡಿ.”

ಎರಡು ದಿನ ಬಿಟ್ಟು ಲಾರಿ ಮರಳಿ ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸುಗ್ರಾ “ಅಮ್ಮೀ, ಗಾಡಿ!” ಎಂದು ಓಡಿದಾಗ ಪರದೆ ಸರಿಸಿ ನೋಡಿದಳು. ಬಾಗಿಲ ಮುಂದೆಯೇ ನಿಂತಿತ್ತು. ಅಷ್ಟು ಮೆಲ್ಲಗೆ ಬಂದಿತ್ತು. ದಾದಾಸಾಬ ಹಿಗ್ಗಿನಿಂದ ಇಳಿದ. “ನೋಡಿದ್ರಾ ಭಾಬಿ? ಎಣ್ಣೆ ಎಲ್ಲಿ ಬದಲಿಸಬೇಕೋ ಅಲ್ಲಿ ಬದಲಿಸಿದ್ರೆ ಹೀಗೆ!”

ಅವನು ಅಂಗಡಿಗೆ ಹೋದಮೇಲೆ ಅವಳು ಹಿತ್ತಿಲ ಬಾಗಿಲಿನಿಂದ ಸುತ್ತಿ ಬಂದು ಲಾರಿಯ ಅಡಿಗೆ ಬಗ್ಗಿದಳು. ಕಮಲಾಕರ ಎಲ್ಲಿಂದ ಎಣ್ಣೆ ಹೊಯ್ದನೆಂದು ನೋಡಿದ್ದಳು. ಸಂಗಯ್ಯ ಬಿಟ್ಟುಹೋದ ಪಾನಾ ಹಾಕಿ, ಕೈ ತರಚಿಕೊಂಡು, ಮೇಲಿನ ಬೂಚು ತೆಗೆದು, ಪೊರಕೆಕಡ್ಡಿ ಅದ್ದಿ ಎತ್ತಿದಳು. ಕಡ್ಡಿಗೆ ಎಣ್ಣೆ ಹತ್ತಿರಲಿಲ್ಲ, ಮುದ್ದೆ ಹತ್ತಿತ್ತು.

ಸಂಜೆ ಕೇಳಿದಳು. ದಾದಾಸಾಬ ಅಲ್ಲಗಳೆಯಲಿಲ್ಲ. ತಲೆ ತಗ್ಗಿಸಿ, “ಗಿರಾಕಿ ಸಿಕ್ಕಿದ್ದಾನೆ ಭಾಬಿ. ನಾಳೆ ಗಾಡಿ ಕೊಡಬೇಕು. ನೀವು, ಸುಗ್ರಾ, ನನ್ನ ಮಕ್ಕಳು, ಎಲ್ಲ ಉಣ್ಣಬೇಕಲ್ಲ,” ಎಂದ.

“ಘಟ್ಟದಲ್ಲಿ ಮುರಿದ್ರೆ ಒಳಗೆ ಕೂತವನ ಗತಿ?”

“ನಮ್ಮ ಅಣ್ಣ ಓಡಿಸಲಿಲ್ವಾ?”

ಹಾಗಾದರೆ ಶಫಿ ಹೊಟ್ಟು ತುಂಬಿದ್ದು ದಾದಾಸಾಬನಿಗೂ ಗೊತ್ತಿತ್ತು. ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಕೊಡಬೇಡ ಎಂದಳು, ಕೈ ಹಿಡಿದು ಬೇಡಿಕೊಂಡಳು. ಲಾರಿ ಅವನ ಹೆಸರಿನಲ್ಲಿತ್ತು. ಮರುದಿನ ಅದು ಹೋಯಿತು. ಮಾರಿದ ಹಣವನ್ನು ಅವನು ಒಂದು ಪೈ ಇಟ್ಟುಕೊಳ್ಳದೆ ತಂದು ಅವಳ ಮುಂದೆ ಇಟ್ಟ. ಅವಳು ಮುಟ್ಟಲಿಲ್ಲ. ಆಮೇಲೆ ಅಕ್ಕಿ ಮುಗಿದಾಗ ಮುಟ್ಟಬೇಕಾಯಿತು.

ಕೊಂಡವರು ಸಿದ್ದಾಪುರದ ಪರಮೇಶ್ವರಪ್ಪ ಎಂಬುದು ಸಂಗಯ್ಯನಿಂದ ತಿಳಿಯಿತು. ಸಂಗಯ್ಯ ಆಗ ಬೇರೆ ಕಡೆ ಕೆಲಸಕ್ಕೆ ಸೇರಿದ್ದ. ಆದರೂ ಕೇಳಿದ ಕೂಡಲೇ ರಜೆ ಹಾಕಿ ಬಂದು, ಸರ್ವೀಸ್ ಮೋಟಾರಿನಲ್ಲಿ ಶಿರಸಿಗೆ, ಅಲ್ಲಿಂದ ಸಿದ್ದಾಪುರಕ್ಕೆ ಅವಳನ್ನು ಕರೆದೊಯ್ದ. ಪರಮೇಶ್ವರಪ್ಪ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅಂಗಳದಲ್ಲಿ ಲಾರಿಗೆ ಹೂವಿನ ಮಾಲೆ ಹಾಕಿತ್ತು. ಹೊಸ ಡ್ರೈವರ್ ಬೈರ ಗಾಜು ಒರೆಸುತ್ತಿದ್ದ.

ಬಿಸ್ಮಿಲ್ಲಾ ಬಿ ಅಂಗಳದ ತುದಿಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಈ ಸಲ ಜರಡಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಪರಮೇಶ್ವರಪ್ಪ ಕೊನೆಯವರೆಗೂ ಕೇಳಿದರು. ಒರಟು ಮನುಷ್ಯರಲ್ಲ.

“ನೀವು ಬರ್ತೀರಿ ಅಂತ ನಿಮ್ಮ ಮೈದುನರು ಮೊದಲೇ ಹೇಳಿದ್ರು ಬೂಬಮ್ಮ,” ಎಂದರು. “ಗಂಡನ ಗಾಡಿ ಅಂತ ಅವರಿಗೆ ಬಹಳ ಮೋಹ, ವಾಪಸ್ ಬೇಕು ಅಂತ ಏನೇನೋ ಹೇಳಬಹುದು, ಬೇಜಾರು ಮಾಡಿಕೊಳ್ಳಬೇಡಿ ಅಂದ್ರು.”

“ನನಗೆ ವಾಪಸ್ ಬೇಡ. ಆ ಬೂಚು ತೆಗೆದು ಒಂದು ಸಲ ನೋಡಿ, ಸಾಕು.”

“ಹುಬ್ಬಳ್ಳಿಯಲ್ಲಿ ಎಣ್ಣೆ ಹಾಕಿಸಿ ಕೊಟ್ಟಿದ್ದಾರೆ. ಪೂಜೆ ಮಾಡಿದ ಗಾಡಿಯ ಹೊಟ್ಟೆ ಬಗೆದು ನೋಡೂದಾ? ಬೈರ, ಎಂತಾದ್ರೂ ಸದ್ದು ಉಂಟೇನೋ?”

“ಎಂತದೂ ಇಲ್ಲ ಒಡೆಯ. ಬೆಣ್ಣೆ ಹಂಗೆ ಹೋಗ್ತದೆ.”

“ಸದ್ದು ಇಲ್ಲದ್ದೇ ತಪ್ಪು,” ಎಂದು ಬಿಸ್ಮಿಲ್ಲಾ ಬಿ ಹೇಳಿದಳು. ಆ ಮಾತು ಹೊರಗೆ ಬಿದ್ದಾಗ ಹುಚ್ಚರ ಮಾತಿನ ಹಾಗಿತ್ತು; ಅದು ಅವಳಿಗೂ ಗೊತ್ತಾಯಿತು. ಸಂಗಯ್ಯ ನಡುವೆ ಬಂದು, “ಖರೇ ಐತ್ರಿ ಯಜಮಾನ್ರ, ನಾ ಕಣ್ಣಾರೆ ನೋಡೇನ್ರಿ,” ಎಂದ. ಕೆಲಸ ಬಿಟ್ಟುಹೋದ ಡ್ರೈವರನ ಸಾಕ್ಷಿ ಯಾರಿಗೆ ಬೇಕು? ಪರಮೇಶ್ವರಪ್ಪ ಒಳಗಿನಿಂದ ಮಜ್ಜಿಗೆ ತರಿಸಿ ಕೊಟ್ಟು, ಬಿಸಿಲಲ್ಲಿ ಹೋಗಬೇಡಿ ಎಂದು ಉಪಚಾರ ಹೇಳಿ ಕಳಿಸಿದರು.

ಹೊರಡುವಾಗ ಅವಳು ಬೈರನ ಹತ್ತಿರ ಹೋದಳು. “ತಮ್ಮಾ, ಘಟ್ಟಕ್ಕೆ ಮಾತ್ರ ಒಯ್ಯಬೇಡ,” ಎಂದಳು. ಅವನು ನಾಚಿಕೊಂಡು ನಕ್ಕ. ಎಲ್ಲಿಗೆ ಒಯ್ಯಬೇಕೆಂದು ಹೇಳುವವನು ಅವನಲ್ಲವಲ್ಲ.

ಆ ಮಳೆಗಾಲ ಏನೂ ಆಗಲಿಲ್ಲ. ಚಳಿಗಾಲದಲ್ಲೂ ಲಾರಿ ಗೇರುಸೊಪ್ಪೆ ಘಟ್ಟ ಇಳಿದು ಹತ್ತುತ್ತಲೇ ಇತ್ತು. ಸಿದ್ದಾಪುರದಿಂದ ಬಂದವರು ಗಾಡಿ ಚೆನ್ನಾಗಿದೆಯೆಂದೇ ಹೇಳುತ್ತಿದ್ದರು. ದಾದಾಸಾಬ ಆ ಸುದ್ದಿಯನ್ನು ಅತ್ತಿಗೆಗೆ ತಂದು ಹೇಳುತ್ತಿದ್ದ, ಚುಚ್ಚುವುದಕ್ಕಲ್ಲ, ಸಮಾಧಾನವಾಗಲಿ ಎಂದು. ಅವಳಿಗೂ ಒಮ್ಮೊಮ್ಮೆ ತಾನೇ ತಪ್ಪಿದೆನೋ ಎನಿಸುತ್ತಿತ್ತು. ತಪ್ಪಿದ್ದರೆ ಎಷ್ಟು ಒಳ್ಳೆಯದು ಎಂದು ನಮಾಜಿನ ಹೊತ್ತಿಗೆ ಕೈಯೆತ್ತಿ ಕೇಳಿಕೊಳ್ಳುತ್ತಿದ್ದಳು.

ಹಲ್ಲು ಮುರಿದದ್ದು ೧೯೩೮ರ ಬೇಸಿಗೆಯಲ್ಲಿ, ಗೇರುಸೊಪ್ಪೆ ಘಟ್ಟದಲ್ಲಿ, ಉಪ್ಪು ಹೇರಿಕೊಂಡು ಏರುವಾಗ. ಲಾರಿ ಹಿಂದೆ ಹಿಂದೆ ಸರಿಯಿತು. ಬೈರ ಕಣಿವೆಯ ಕಡೆ ಬಿಡದೆ ಗುಡ್ಡದ ಕಡೆಗೆ ತಿರುಗಿಸಿದ. ಅದಕ್ಕೇ ಜೀವ ಉಳಿಯಿತು. ಬಲಗೈ ಬಂಡೆಗೂ ಬಾಗಿಲಿಗೂ ನಡುವೆ ಸಿಕ್ಕಿ ನುಜ್ಜಾಯಿತು. ಮೊಣಕೈಯವರೆಗೆ ತೆಗೆದರು.

ಕೆಲವು ವಾರಗಳ ಮೇಲೆ ಪರಮೇಶ್ವರಪ್ಪ ಯಲ್ಲಾಪುರಕ್ಕೆ ಬಂದರು. ಜಗಲಿಯ ತುದಿಯಲ್ಲಿ ಕೂತರು. ಪರದೆಯ ಹಿಂದೆ ಬಿಸ್ಮಿಲ್ಲಾ ಬಿ ನಿಂತಳು.

“ಬಿಚ್ಚಿ ನೋಡಿದ್ವಿ. ನೀವು ಹೇಳಿದ ಹಾಗೇ ಇತ್ತು,” ಎಂದರು. “ನೀವು ಇನ್ನೊಂದು ಸಲ ಬಂದು ಹೇಳಬೇಕಿತ್ತು ಬೂಬಮ್ಮ,” ಎಂದರು.

ಇನ್ನೊಂದು ಸಲ ಹೋಗಿ ಹೇಳಬಹುದಾಗಿತ್ತು ಎಂಬುದು ನಿಜವೇ ತಾನೇ ಎಂದು ಅವಳಿಗೆ ಅನಿಸಿಬಿಟ್ಟಿತು.

“ಬೈರ ಏನು ಮಾಡ್ತಾನೆ ಈಗ?” ಎಂದು ಕೇಳಿದಳು.

“ನಮ್ಮಲ್ಲೇ ಇದ್ದಾನೆ. ದನ ನೋಡಿಕೊಳ್ತಾನೆ. ಒಂದು ಕೈಯಲ್ಲಿ ಆಗೂದು ಅಷ್ಟೇ.”

ಸುಗ್ರಾ ತಂದಿಟ್ಟ ಚಹಾ ಆರಿತು. ಪರಮೇಶ್ವರಪ್ಪ ಎದ್ದು, ಪರದೆಯ ಕಡೆ ಕೈ ಮುಗಿದು ಹೋದರು.

ದಾದಾಸಾಬನಿಗೆ ಈ ಸುದ್ದಿ ಅವರು ಬರುವುದಕ್ಕಿಂತ ಮುಂಚೆಯೇ ತಲುಪಿತ್ತು. ಅವತ್ತಿನಿಂದ ಅವನು ಲಾರಿಯ ಹೆಸರೆತ್ತಲಿಲ್ಲ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಅತ್ತಿಗೆಯ ಮನೆಗೆ ಊಟಕ್ಕೆ ಬರುವುದನ್ನು ಮಾತ್ರ ಬಿಡಲಿಲ್ಲ. ಅವಳೂ ಬಡಿಸುವುದನ್ನು ಬಿಡಲಿಲ್ಲ. ಅವನು ತಲೆಯೆತ್ತದೆ ಉಣ್ಣುತ್ತಿದ್ದ. ಇನ್ನು ಸ್ವಲ್ಪ ಹಾಕಲೇ ಎಂದು ಅವಳು ಕೇಳುತ್ತಿದ್ದಳು. ಸಾಕು ಭಾಬಿ ಎನ್ನುತ್ತಿದ್ದ.